ತರಕರಡಿಯ ಊಟ ಜೇನಲ್ಲ, ನೆಲದೊಳಗಿನ ಬೇಟೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ತರಕರಡಿಯ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಹಳಷ್ಟು ಜನ ಹೆಸರನ್ನೂ ಕೇಳಿರದ ಪ್ರಾಣಿಯೊಂದಕ್ಕೆ ಇಷ್ಟು ಜಾಗ ಕೊಟ್ಟದ್ದಕ್ಕೆ ನಾನು ಕೃತಜ್ಞ. ಆದರೆ ಜೇನೇ ಅದರ ಮುಖ್ಯ ಆಹಾರವೆಂದೂ, ಜೇನುಗೂಡಿಗೆ ಹಕ್ಕಿಯೊಂದು ಅದಕ್ಕೆ ದಾರಿ ತೋರುತ್ತದೆಂದೂ, ಹಾವಿನ ವಿಷ ಅದಕ್ಕೆ ತಗಲುವುದೇ ಇಲ್ಲವೆಂದೂ ಲೇಖನದಲ್ಲಿ ಬರೆಯಲಾಗಿದೆ. ಈ ಮೂರೂ ಮಾತುಗಳು ಬಹುಕಾಲದಿಂದ ಒಬ್ಬರಿಂದ ಒಬ್ಬರಿಗೆ ದಾಟುತ್ತ ಬಂದವು, ಮೂರಕ್ಕೂ ತಿದ್ದುಪಡಿ ಅಗತ್ಯವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ತಪ್ಪು ತಿಳಿವಳಿಕೆಗೆ ಅರ್ಧ ಕಾರಣ ಅದರ ಹೆಸರುಗಳೇ ಇರಬೇಕು. ಕನ್ನಡದ ಹೆಸರಿನಲ್ಲಿ ಕರಡಿಯಿದ್ದರೂ ಅದು ನೀರುನಾಯಿಯ ಕುಟುಂಬಕ್ಕೆ ಸೇರಿದ ಪ್ರಾಣಿ. ಇಂಗ್ಲಿಷಿನಲ್ಲಿ ಅದು ಹನಿ ಬ್ಯಾಡ್ಜರ್, ವಿಜ್ಞಾನಿಗಳಿಗೆ ಮೆಲ್ಲಿವೊರಾ ಕೇಪೆನ್ಸಿಸ್. ಮೆಲ್ಲಿವೊರಾ ಎಂದರೂ ಜೇನು ತಿನ್ನುವುದು ಎಂದೇ ಅರ್ಥ. ಹೀಗೆ ಹೆಸರಿನಲ್ಲೇ ಜೇನನ್ನು ಹೊತ್ತ ಪ್ರಾಣಿ ದಿನವೂ ಏನು ತಿಂದು ಬದುಕುತ್ತದೆ ಎಂದು ಪರಿಶೀಲಿಸುವ ಗೋಜಿಗೆ ಬಹಳ ಕಾಲ ಹೆಚ್ಚಿನವರು ಹೋಗಲಿಲ್ಲ.

ಆ ಕೆಲಸವನ್ನು ತಾಳ್ಮೆಯಿಂದ ಮಾಡಿದವರು ವನ್ಯಜೀವಿ ಸಂಶೋಧಕರಾದ ಕಾಲೀನ್ ಬೆಗ್ ಮತ್ತು ಕೀತ್ ಬೆಗ್ ದಂಪತಿ. 1990ರ ದಶಕದ ಉತ್ತರಾರ್ಧದಲ್ಲಿ ಅವರು ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾಗಳಿಗೆ ಸೇರಿದ ಕಲಹಾರಿ ಮರುಭೂಮಿಯ ರಕ್ಷಿತ ಪ್ರದೇಶದಲ್ಲಿ ತರಕರಡಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಅವು ಅಗೆದದ್ದು, ಹಿಡಿದದ್ದು, ತಿಂದದ್ದು ಎಲ್ಲವನ್ನೂ ದಾಖಲಿಸಿದರು. ಅವರ ಪಟ್ಟಿಯಲ್ಲಿ ಸುಮಾರು 60 ಬಗೆಯ ಬೇಟೆಗಳಿದ್ದವು. ಚೇಳು, ಹಲ್ಲಿ, ಮರಳಿನಲ್ಲಿ ಬಿಲ ತೋಡುವ ಸಣ್ಣ ಇಲಿಗಳು, ಹಾವುಗಳು, ಹಕ್ಕಿಗಳು ಅದರಲ್ಲಿ ಸೇರಿದ್ದವು. ಹೊಟ್ಟೆ ತುಂಬಿಸುತ್ತಿದ್ದವು ಮುಖ್ಯವಾಗಿ ಸಣ್ಣ ಸಸ್ತನಿಗಳು ಮತ್ತು ಸರೀಸೃಪಗಳು. ಜೇನು ಹೇರಳವಾಗಿರುವ ಕಾಡುಗಳಲ್ಲಿ ಅದರ ಪಾಲು ಹೆಚ್ಚಿರಬಹುದು, ಏಕೆಂದರೆ ಈ ಪ್ರಾಣಿ ಸಿಕ್ಕಿದ್ದನ್ನು ತಿನ್ನುವ ಸ್ವಭಾವದ್ದು ಮತ್ತು ಜಾಗ, ಋತು ಬದಲಾದಂತೆ ಅದರ ಊಟವೂ ಬದಲಾಗುತ್ತದೆ. ಆದರೂ ಗೂಡನ್ನು ಒಡೆದಾಗ ಅದು ಆಸೆಪಡುವುದು ಜೇನುತುಪ್ಪಕ್ಕಿಂತ ಹೆಚ್ಚಾಗಿ ಎರಿಗಳಲ್ಲಿ ತುಂಬಿಕೊಂಡಿರುವ ಮರಿಹುಳುಗಳಿಗೆ ಎಂಬುದನ್ನು ಲೇಖಕರು ಗಮನಿಸಬೇಕಿತ್ತು. ಮಾಂಸಾಹಾರಿಯೊಂದಕ್ಕೆ ಸಿಹಿಗಿಂತ ಕೊಬ್ಬು ಮತ್ತು ಪ್ರೋಟೀನು ಮುಖ್ಯವಾಗುವುದು ಸಹಜವೇ ಆಗಿದೆ.

ಅದು ಬೇಟೆಯಾಡುವ ಕ್ರಮವನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದಿತು. ಈ ಪ್ರಾಣಿಯ ನಿಜವಾದ ಬೆರಗು ಇರುವುದು ಅಲ್ಲಿಯೇ. ಹುಲಿ ಚಿರತೆಗಳಂತೆ ಅದು ಹೊಂಚು ಹಾಕುವುದಿಲ್ಲ, ತೋಳಗಳಂತೆ ಗುಂಪು ಕಟ್ಟಿ ಅಟ್ಟಿಸಿಕೊಂಡು ಹೋಗುವುದೂ ಇಲ್ಲ. ಮೂಗನ್ನು ನೆಲಕ್ಕೆ ತಾಗಿಸಿಕೊಂಡು, ಅತ್ತಿತ್ತ ತಿರುಗುತ್ತ, ಬಿಲದಿಂದ ಬಿಲಕ್ಕೆ ಒಂಟಿಯಾಗಿ ನಡೆಯುತ್ತದೆ. ವಾಸನೆ ಬಂದ ಕಡೆ ನಿಂತು ಮುಂಗಾಲಿನ ನೀಳ ಉಗುರುಗಳಿಂದ ಮಣ್ಣನ್ನು ತೋಡತೊಡಗುತ್ತದೆ. ಒಂದು ಇಲಿಗಾಗಿ ಅಷ್ಟು ಮಣ್ಣು ಅಗೆದು ಕೊನೆಗೆ ಏನೂ ಸಿಗದೆ ಮುಂದಿನ ಬಿಲಕ್ಕೆ ಹೋಗುವುದೂ ಅದರ ದಿನಚರಿಯ ಭಾಗವೇ. ಇಷ್ಟು ಸಣ್ಣ ಸಣ್ಣ ತುತ್ತುಗಳಿಂದ ಹೊಟ್ಟೆ ತುಂಬಬೇಕಾದ್ದರಿಂದಲೇ ಅದಕ್ಕೆ ಅಪಾರ ವಿಸ್ತಾರದ ನೆಲ ಬೇಕಾಗುತ್ತದೆ: ಕಲಹಾರಿಯ ಗಂಡು ತರಕರಡಿಯ ಓಡಾಟದ ಪ್ರದೇಶ ಸರಾಸರಿ 500 ಚದರ ಕಿಲೋಮೀಟರಿಗೂ ಹೆಚ್ಚು, ಹೆಣ್ಣಿನದು 100ಕ್ಕೂ ಹೆಚ್ಚು. ಅಲ್ಲಿ ಬೇಸಿಗೆಯ ಉರಿಯಲ್ಲಿ ಅದು ರಾತ್ರಿ ಹೊರಡುತ್ತದೆ, ಚಳಿಗಾಲದಲ್ಲಿ ಹಗಲು ಹೊತ್ತು ಬೇಟೆಗೆ ಇಳಿಯುತ್ತದೆ. ಮರ ಹತ್ತಿ ಹದ್ದಿನ ಗೂಡಿನ ಮರಿಗಳನ್ನು ತಿನ್ನುವುದೂ ಉಂಟು.

ಅದು ಅಗೆಯುವಾಗ ಹತ್ತಿರದ ಪೊದೆಯ ಮೇಲೆ ಒಂದು ಜಾತಿಯ ಡೇಗೆಯೂ ಪಕ್ಕದಲ್ಲಿ ಕಪ್ಪುಬೆನ್ನಿನ ನರಿಯೂ ಕಾಯುತ್ತ ನಿಂತಿರುವುದನ್ನು ಬೆಗ್ ದಂಪತಿ ಮತ್ತೆ ಮತ್ತೆ ಕಂಡರು. ಬಿಲದ ಇನ್ನೊಂದು ಬಾಯಿಯಿಂದ ತಪ್ಪಿಸಿಕೊಂಡು ಹೊರಬಂದ ಇಲಿಯ ಮೇಲೆ ಇವು ಎರಗುತ್ತವೆ, ದುಡಿದ ತರಕರಡಿಗೆ ಇದರಿಂದ ಯಾವ ಲಾಭವೂ ಇಲ್ಲ. ಪ್ರಾಣಿಗಳ ನಡುವಿನ ನಂಟಿನ ಬಗ್ಗೆ ಬರೆಯುವುದಿದ್ದರೆ, ಕಣ್ಣಾರೆ ಕಂಡು ದಾಖಲಿಸಿದ ಇದನ್ನು ಬರೆಯಬಹುದಿತ್ತು. ದಾರಿ ತೋರುವ ಹಕ್ಕಿಯ ಕಥೆ ಹಾಗಲ್ಲ. ಆಫ್ರಿಕಾದ ಹನಿಗೈಡ್ ಹಕ್ಕಿ ಮನುಷ್ಯರನ್ನು ಜೇನುಗೂಡಿನ ಬಳಿಗೆ ಕರೆದೊಯ್ಯುವುದು ಸಂಶಯಕ್ಕೆ ಎಡೆಯಿಲ್ಲದ ಸಂಗತಿ, ಆದರೆ ತರಕರಡಿಯನ್ನೂ ಹಾಗೆಯೇ ಕರೆದೊಯ್ಯುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಇನ್ನೂ ಸಿಕ್ಕಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಫ್ರಿಕಾದ 9 ದೇಶಗಳ ಸುಮಾರು 400 ಜೇನು ಸಂಗ್ರಾಹಕರನ್ನು ವಿಚಾರಿಸಿದಾಗ, ಹೆಚ್ಚಿನ ಸಮುದಾಯಗಳವರು ಅಂಥ ಸಹಕಾರವನ್ನು ಒಪ್ಪಲಿಲ್ಲ. ಟಾಂಜಾನಿಯಾದ ಹದ್ಜಾ ಮೊದಲಾದ ಕೆಲವೇ ಸಮುದಾಯಗಳಲ್ಲಿ ಅದನ್ನು ಕಂಡಿದ್ದೇವೆ ಎಂದವರು ಹೆಚ್ಚು ಮಂದಿ ಇದ್ದರು. ಅವರ ಮಾತನ್ನು ತಳ್ಳಿಹಾಕಬೇಕಾಗಿಲ್ಲ, ಆದರೆ ಎಲ್ಲೆಡೆ ನಡೆಯುವ ಸಂಗತಿಯೆಂದು ಅಚ್ಚು ಹಾಕುವುದು ಸರಿಯಲ್ಲ.

ಹಾವಿನ ವಿಷದ ವಿಚಾರದಲ್ಲಿ ಅರ್ಧ ಸತ್ಯವಿದೆ. ನಾಗರಹಾವಿನ ವಿಷದಲ್ಲಿ ನರಗಳನ್ನು ಸ್ತಬ್ಧಗೊಳಿಸುವ ಅಂಶವೊಂದಿದ್ದು, ಅದು ಸ್ನಾಯುಗಳಲ್ಲಿರುವ ಗ್ರಾಹಕಕ್ಕೆ, ಅಂದರೆ ನರದ ಸಂದೇಶವನ್ನು ಪಡೆಯುವ ಅಣುವಿಗೆ, ಅಂಟಿಕೊಂಡು ಕೆಲಸ ಮಾಡುತ್ತದೆ. ತರಕರಡಿಯಲ್ಲಿ ಆ ಗ್ರಾಹಕದ ರಚನೆಯೇ ತುಸು ಬದಲಾಗಿರುವುದರಿಂದ ವಿಷಕ್ಕೆ ಅಂಟಿಕೊಳ್ಳುವುದು ಕಷ್ಟವೆಂದು 2015ರ ಸಂಶೋಧನೆಯೊಂದು ತೋರಿಸಿದೆ. ಮಂಡಲದ ಹಾವುಗಳ ಬಳಗದವುಗಳ ವಿಷ ಬೇರೆ ರೀತಿಯಲ್ಲಿ, ಹೆಚ್ಚಾಗಿ ರಕ್ತ ಮತ್ತು ಅಂಗಾಂಶಗಳನ್ನು ಹಾಳುಗೆಡವುತ್ತ ಕೆಲಸ ಮಾಡುವುದರಿಂದ ಈ ರಕ್ಷಣೆಯನ್ನು ಅದಕ್ಕೂ ವಿಸ್ತರಿಸಿ ಹೇಳಲು ಬಾರದು. ಸಡಿಲವಾದ ದಪ್ಪ ಚರ್ಮ ಅದಕ್ಕೆ ದೊಡ್ಡ ಆಸರೆ ಎಂಬುದು ನಿಜ. ಹಿಡಿದವರ ಕೈಯಲ್ಲೇ ಹೊರಳಿ ಕಚ್ಚಲು ಅದು ಅನುವು ಮಾಡಿಕೊಡುತ್ತದೆ. ಹಾಗೆಂದು ಅದು ಅಜೇಯವೇನಲ್ಲ, ಸಿಂಹ ಮತ್ತು ಚಿರತೆಗಳು ತರಕರಡಿಯನ್ನು ಕೊಂದಿರುವುದು ದಾಖಲಾಗಿದೆ.

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ: ಕೆಟ್ಟ ಹೆಸರು ಈ ಪ್ರಾಣಿಗೇ ಮುಳುವಾಗುತ್ತದೆ. 2007ರಲ್ಲಿ ಇರಾಕಿನ ಬಸ್ರಾದಲ್ಲಿ, ಮನುಷ್ಯರನ್ನು ತಿನ್ನುವ ಪ್ರಾಣಿಗಳನ್ನು ಬ್ರಿಟಿಷ್ ಸೇನೆ ತಂದು ಬಿಟ್ಟಿದೆಯೆಂಬ ವದಂತಿ ಹಬ್ಬಿ, ಸೇನೆಯೇ ಅದನ್ನು ಅಲ್ಲಗಳೆಯಬೇಕಾಯಿತು. ಅಲ್ಲಿ ಕಾಣಿಸಿಕೊಂಡಿದ್ದವು ಆ ನೆಲದಲ್ಲೇ ಇದ್ದ ತರಕರಡಿಗಳು. ದಕ್ಷಿಣ ಆಫ್ರಿಕಾದಲ್ಲಿ ಜೇನು ಸಾಕಣೆದಾರರು ಪೆಟ್ಟಿಗೆಗಳನ್ನು ಕೆಡವುವ ಕಳ್ಳನೆಂದು ಭಾವಿಸಿ, ಉರುಲು ಮತ್ತು ವಿಷಗಳಿಂದ ಅದನ್ನು ಕೊಲ್ಲುತ್ತಿದ್ದರು. ಪೆಟ್ಟಿಗೆಗಳನ್ನು ಒಂದು ಮೀಟರಿಗಿಂತ ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟು, ಉರುಳದಂತೆ ಪಟ್ಟಿಯಿಂದ ಬಿಗಿದರೆ ನಷ್ಟ ತಪ್ಪುತ್ತದೆಂದು ಅಲ್ಲಿ ಕಂಡುಕೊಂಡ ಮೇಲೆ, ಹಾಗೆ ಮಾಡಿದವರ ಜೇನುತುಪ್ಪಕ್ಕೆ ಬ್ಯಾಡ್ಜರ್ ಸ್ನೇಹಿ ಎಂಬ ಗುರುತು ಕೊಡುವ ಯೋಜನೆಯೂ ಬಂತು. ಜೇನು ಸಾಕುವ ಓದುಗರಿಗೆ ಉಪಯೋಗವಾಗುವಂಥ ಈ ಒಂದು ಮಾತಾದರೂ ಮುಂದಿನ ವಾರದ ಪುರವಣಿಯಲ್ಲಿ ಬರಲಿ ಎಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಬಹುಕಾಲದ ಓದುಗ