ಮೊದಲು ಮನೆ ಹಾಕಲಿ, ಸೂತ್ರ ಆಮೇಲೆ

ಮಾನ್ಯರೇ,

ಪ್ರಥಮ ಪಿಯುಸಿ ಗಣಿತದಲ್ಲಿ ಕ್ರಮಯೋಜನೆ (ಸಾಲಾಗಿ ಜೋಡಿಸುವುದು), ವಿಕಲ್ಪ (ಸಾಲು ನೋಡದೆ ಬರೀ ಆರಿಸುವುದು) ಎಂದೊಡನೆ ಮಕ್ಕಳು ಎನ್‌ಪಿಆರ್ (nPr), ಎನ್‌ಸಿಆರ್ (nCr) ಎಂದು ಅವುಗಳ ಸೂತ್ರ ಒಪ್ಪಿಸುತ್ತಾರೆ. ಅವೆರಡಕ್ಕೂ ತಾಯಿಬೇರಾದ ಎಣಿಕೆಯ ಮೂಲತತ್ವ (ಒಂದಾದ ಮೇಲೊಂದು ಹಂತವಿದ್ದರೆ ಆಯ್ಕೆಗಳನ್ನು ಗುಣಿಸುವುದು) ಮೊದಲ ಪುಟದಲ್ಲೇ ಉಳಿದುಬಿಡುತ್ತದೆ. ‘ಮತ್ತು’ ಬಂದರೆ ಗುಣಿಸು, ‘ಅಥವಾ’ ಬಂದರೆ ಕೂಡಿಸು ಎಂದು ಉರು ಹೊಡೆದವರು, ಪ್ರಶ್ನೆಯಲ್ಲಿ ಆ ಪದಗಳೇ ಇಲ್ಲದಿದ್ದರೆ ಪೆನ್ನು ಕೆಳಗಿಡುತ್ತಾರೆ.

ಗದಗದಿಂದ ಧಾರವಾಡಕ್ಕೆ ಎಷ್ಟು ಬಗೆಯಲ್ಲಿ ಹೋಗಬಹುದು? ಹುಬ್ಬಳ್ಳಿವರೆಗೆ ಬಸ್ಸು ಇಲ್ಲವೇ ರೈಲು. ಅಲ್ಲಿಂದ ಧಾರವಾಡಕ್ಕೆ ಚಿಗರಿ (ಬಿಆರ್‌ಟಿಎಸ್ ಬಸ್ಸು), ಸಾದಾ ಬಸ್ಸು ಇಲ್ಲವೇ ರೈಲು ಎಂದಿಟ್ಟುಕೊಳ್ಳೋಣ. ಎರಡೂ ಹಂತ ಮುಗಿದರೇ ಪ್ರಯಾಣ ಮುಗಿಯುವುದು, ಹಾಗಾಗಿ 2×3=6. ಹುಬ್ಬಳ್ಳಿಯಲ್ಲಿ ಇಳಿಯದೆ ಒಂದೇ ಬಸ್ಸಿನಲ್ಲಿ ಹೋಗುವುದು ಬೇರೆ ದಾರಿ. ಅದನ್ನು ಕೂಡಿಸಿದರೆ 7.

ಬಹಳಷ್ಟು ಮಕ್ಕಳು ಎಡವುವುದು ಸೊನ್ನೆಯ ಹತ್ತಿರ. 0, 1, 2, 3, 4 ಬಳಸಿ, ಯಾವ ಅಂಕಿಯೂ ಎರಡು ಸಲ ಬಾರದಂತೆ ಮೂರಂಕಿಯ ಸಮಸಂಖ್ಯೆ ಎಷ್ಟು? ಚೌಕಾಬಾರದಂತೆ ಮೂರು ಮನೆ ಹಾಕಿ, ಕಟ್ಟುಪಾಡು ಇರುವ ಬಿಡಿಸ್ಥಾನವನ್ನು ಮೊದಲು ತುಂಬಬೇಕು. ಅಲ್ಲಿಗೆ 0, 2, 4 ಎಂಬ ಮೂರು ಆಯ್ಕೆ, ಉಳಿದ ಮನೆಗಳಿಗೆ ನಾಲ್ಕು ಮತ್ತು ಮೂರು ಆಯ್ಕೆ, ಒಟ್ಟು 3×4×3=36 ಎಂದು ಬರೆದರೆ 012, 034ರಂಥ ಆರು ಕಳ್ಳರು ನುಸುಳಿರುತ್ತಾರೆ. ಬಿಡಿಸ್ಥಾನದಲ್ಲಿ 0 ಕೂತರೆ 4×3=12. 2 ಇಲ್ಲವೇ 4 ಕೂತರೆ ನೂರರ ಸ್ಥಾನಕ್ಕೆ ಸೊನ್ನೆ ಸಲ್ಲದು, ಅಲ್ಲಿಗೆ 3 ಆಯ್ಕೆ. ಹತ್ತರ ಸ್ಥಾನಕ್ಕೆ ಸೊನ್ನೆಯೂ ಸೇರಿ 3. ಅಂದರೆ 2×3×3=18. ಉತ್ತರ 30. ಹಿಂದಿನ ಮನೆಯಲ್ಲಿ ಯಾವ ಅಂಕಿ ಕೂತಿದೆ ಎಂಬುದರ ಮೇಲೆ ಮುಂದಿನ ಮನೆಯ ಆಯ್ಕೆಗಳ ಸಂಖ್ಯೆ ಬದಲಾದರೆ ನೇರ ಗುಣಾಕಾರ ನಡೆಯದು, ಲೆಕ್ಕವನ್ನು ಒಡೆಯಲೇಬೇಕು.

‘ಕನಿಷ್ಠ’ ಎಂಬ ಪದವೂ ಹೀಗೇ ಕೈಕೊಡುತ್ತದೆ. 5 ಹುಡುಗರು, 4 ಹುಡುಗಿಯರಲ್ಲಿ ಮೂವರ ರಸಪ್ರಶ್ನೆ ತಂಡ, ಕನಿಷ್ಠ ಒಬ್ಬ ಹುಡುಗಿ ಇರಬೇಕು. ಮೊದಲು ಒಬ್ಬಳನ್ನು, ಆಮೇಲೆ ಉಳಿದ ಎಂಟು ಮಂದಿಯಲ್ಲಿ ಇಬ್ಬರನ್ನು (28 ಬಗೆ) ಆರಿಸಿ 4×28=112 ಎನ್ನುತ್ತಾರೆ. ಷರತ್ತೇ ಇಲ್ಲದಿದ್ದರೂ ಆಗುವ ತಂಡಗಳು ಬರೀ 84! ಇಬ್ಬರು ಹುಡುಗಿಯರ ತಂಡ ಎರಡು ಸಲ, ಮೂವರದ್ದು ಮೂರು ಸಲ ಎಣಿಕೆಯಾಗಿರುತ್ತದೆ. ಹುಡುಗರಷ್ಟೇ ಇರುವ 10 ತಂಡಗಳನ್ನು 84ರಿಂದ ಕಳೆದರೆ 74.

ಸೂತ್ರದ ಮೇಲೆ ಹಗೆಯೇನಿಲ್ಲ. ವಿಕಲ್ಪದ ಸಾಮಾನ್ಯ ಸೂತ್ರವನ್ನು 9ನೇ ಶತಮಾನದಲ್ಲೇ ಹೇಳಿದವನು ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ. ಆದರೂ ಈ ಅಧ್ಯಾಯದ ಮೊದಲ ಎರಡು ತರಗತಿಗಳು ಸೂತ್ರವಿಲ್ಲದೆ ನಡೆಯಲಿ. ಮನೆ ಹಾಕಿ ಸರಿಯಾಗಿ ಎಣಿಸಿದ ಉತ್ತರಕ್ಕೆ, ಸೂತ್ರ ಬರೆದಿಲ್ಲವೆಂದು ಮೌಲ್ಯಮಾಪಕರು ಅಂಕ ಕಡಿಯದಿರಲಿ.

– ಗಣಿತ ಉಪನ್ಯಾಸಕರು, ಗದಗ