ಕಡಲ ಮಟ್ಟಕ್ಕಿಂತ ಕೆಳಗಿನ ಮನೆಯ ವಿಚಾರ

ರೊಟರ್‌ಡ್ಯಾಮ್

ತೀರ್ಥರೂಪು ಅಪ್ಪನವರಿಗೆ ಮತ್ತು ಮಾತೃಶ್ರೀ ಅಮ್ಮನವರಿಗೆ ನಿಮ್ಮ ಮಗಳು ವಾಸಂತಿ ಮಾಡುವ ನಮಸ್ಕಾರಗಳು. ನಾವು ಮೂವರೂ ಕ್ಷೇಮ. ಶಾರದತ್ತೆಯ ಮಂಡಿನೋವು ಕಡಿಮೆಯಾಗಿದೆಯೆಂದು ಚಂದ್ರು ತಿಳಿಸಿದ, ಸಮಾಧಾನವಾಯಿತು.

ಅಪ್ಪ, ನಿಮ್ಮ ಪತ್ರ ತಲುಪಿತು. ಇಲ್ಲಿಯ ಗೌಡಾ ಪಟ್ಟಣದಲ್ಲಿ ನಾವು ಕೊಳ್ಳಬೇಕೆಂದಿರುವ ಮನೆ ಸಮುದ್ರಮಟ್ಟಕ್ಕಿಂತ ಆರೂಮುಕ್ಕಾಲು ಮೀಟರ್ ಕೆಳಗಿದೆಯೆಂದು ನೀವು ಅಟ್ಲಾಸ್ ಹರವಿಕೊಂಡು ಲೆಕ್ಕ ಹಾಕಿದ್ದೀರಿ. ಮೂವತ್ತು ವರ್ಷದ ಸಾಲ ತೀರುವ ಹೊತ್ತಿಗೆ ಆ ಮನೆ ನೆಲದ ಮೇಲೆ ಇರುತ್ತದೆಯೋ ನೀರಿನಡಿ ಇರುತ್ತದೆಯೋ ಎಂದು ಕೇಳಿದ್ದೀರಿ. ಅಮ್ಮ ನಿದ್ದೆ ಮಾಡುತ್ತಿಲ್ಲವೆಂದೂ ಕೊನೆಯಲ್ಲಿ ಸೇರಿಸಿದ್ದೀರಿ. ಭೂಗೋಳದ ಮೇಷ್ಟ್ರಿಗೆ ‘ಏನೂ ಆಗುವುದಿಲ್ಲ, ಯೋಚಿಸಬೇಡಿ’ ಎಂಬ ಉತ್ತರ ಸಾಲುವುದಿಲ್ಲವೆಂದು ಗೊತ್ತಿರುವುದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ. ಆದರೂ ಮೊದಲೇ ಹೇಳಿಬಿಡುತ್ತೇನೆ: ಏನೂ ಆಗುವುದಿಲ್ಲ.

ನೀವು ಹೇಳಿದ ಆ ತಗ್ಗು ಇರುವುದು ನಿಜ, ನಮಗೆ ಹತ್ತಿರವೇ ಇರುವುದೂ ನಿಜ. ರೊಟರ್‌ಡ್ಯಾಮ್‌ಗೂ ಗೌಡಾಕ್ಕೂ ನಡುವೆ, ನ್ಯೂವರ್‌ಕರ್ಕ್ ಊರಿನ ಬಳಿಯ ಜೈಡ್‌ಪ್ಲಾಸ್ ಪೋಲ್ಡರಿನಲ್ಲಿ (ಕಟ್ಟೆ ಕಟ್ಟಿ, ನೀರು ಹೊರಹಾಕಿ ಪಡೆದ ನೆಲಕ್ಕೆ ಇಲ್ಲಿ ಪೋಲ್ಡರ್ ಎನ್ನುತ್ತಾರೆ) ಅದು ಇದೆ, ದೇಶದಲ್ಲೇ ಅತಿ ತಗ್ಗಿನ ಜಾಗ. ನಾವು ಕೊಳ್ಳಬೇಕೆಂದಿರುವ ಮನೆಯ ಬೀದಿ ಸಮುದ್ರಮಟ್ಟಕ್ಕಿಂತ ಒಂದು ಮೀಟರಿನ ಆಸುಪಾಸು ಮಾತ್ರ ಕೆಳಗಿದೆ. ಇನ್ನು, ನೆದರ್ಲೆಂಡ್ಸಿನ ಶೇಕಡಾ 55 ಭಾಗ ಸಮುದ್ರಕ್ಕಿಂತ ಕೆಳಗಿದೆಯೆಂದು ಬರೆದಿದ್ದೀರಲ್ಲ, ಅದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2007ರ ವರದಿಯಲ್ಲಿ ನುಸುಳಿ, 2010ರಲ್ಲಿ ತಿದ್ದಲ್ಪಟ್ಟ ಅಂಕಿ. ಸಮುದ್ರಕ್ಕಿಂತ ಕೆಳಗಿರುವುದು ಶೇಕಡಾ 26. ಉಳಿದ 29 ಭಾಗ ನದಿ ಉಕ್ಕಿದರೆ ಮುಳುಗಬಹುದಾದ ಪ್ರದೇಶ. ಅಷ್ಟು ದೊಡ್ಡ ಸಮಿತಿಯನ್ನೇ ದಾರಿ ತಪ್ಪಿಸಿದ ಅಂಕಿ ನಿಮ್ಮನ್ನು ಹೆದರಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಅಟ್ಲಾಸಿನಲ್ಲಿ ಕಾಣದ ಸಂಗತಿಯೊಂದಿದೆ. ಇಲ್ಲಿಯ ನೆಲ ಹುಟ್ಟಿನಿಂದ ತಗ್ಗಾದದ್ದಲ್ಲ, ಮನುಷ್ಯರು ತಗ್ಗಿಸಿಕೊಂಡದ್ದು. ಸಾವಿರ ವರ್ಷಗಳ ಹಿಂದೆ ಇದು ಸಮುದ್ರಕ್ಕಿಂತ ಕೆಲವು ಮೀಟರ್ ಎತ್ತರವಾಗಿ ಉಬ್ಬಿಕೊಂಡಿದ್ದ ಜೌಗು. ಸತ್ತ ಸಸ್ಯಗಳು ನೀರಿನಲ್ಲಿ ಕೊಳೆಯದೆ ಪದರ ಪದರವಾಗಿ ಕೂಡಿದ ಪೀಟ್ ಮಣ್ಣು, ಸ್ಪಂಜಿನ ಹಾಗೆ ನೀರು ಹಿಡಿದುಕೊಂಡಿತ್ತು. ರೈತರು ಬಂದು ಉದ್ದುದ್ದ ಕಾಲುವೆ ತೋಡಿ ಆ ನೀರನ್ನು ನದಿಗೆ ಬಸಿದು ಧಾನ್ಯ ಬಿತ್ತಿದರು. ನೀರು ಹೋದ ಪೀಟ್ ಕುಗ್ಗುತ್ತದೆ, ಗಾಳಿ ಸೋಕಿದ ಮೇಲೆ ಕರಗಿಯೇ ಹೋಗುತ್ತದೆ. ನೆಲ ಇಳಿದಂತೆಲ್ಲ ಹೊಲದಲ್ಲಿ ಮತ್ತೆ ನೀರು ನಿಂತಿತು; ಮತ್ತಷ್ಟು ಆಳಕ್ಕೆ ತೋಡಿದರು; ಮತ್ತಷ್ಟು ಇಳಿಯಿತು. ನೆಲ ನದಿಗಿಂತ ಕೆಳಗಾದಾಗ ಏರಿಕಟ್ಟೆ ಬೇಕಾಯಿತು, ನೀರು ತಾನಾಗಿ ಹರಿದು ಹೋಗದಿದ್ದಾಗ 15ನೆಯ ಶತಮಾನದಿಂದ ಗಾಳಿಯಂತ್ರ ಬೇಕಾಯಿತು, ಆಮೇಲೆ ಉಗಿಯಂತ್ರ, ಈಗ ವಿದ್ಯುತ್ ಪಂಪು. ಪಂಪು ಇಂದಿಗೂ ನಿಂತಿಲ್ಲ, ಇಳಿಯುವುದೂ ನಿಂತಿಲ್ಲ.

ಇದರ ಮುಂದಿನ ಭಾಗ ನನಗೆ ಇನ್ನೂ ಸ್ವಾರಸ್ಯವೆನಿಸುತ್ತದೆ. ಒದ್ದೆಯಾದ ಹೊಲದಲ್ಲಿ ಧಾನ್ಯ ಬಾರದಾದಾಗ ಹುಲ್ಲೊಂದೇ ಉಳಿಯಿತು. ಹುಲ್ಲಿಗೆ ಹಸು, ಹಸುವಿಗೆ ಹಾಲು, ಕೆಡದಂತೆ ದೂರ ಸಾಗಿಸಲು ಚೀಸು. ಗೌಡಾ ಚೀಸಿನ ಹೆಸರು ಪ್ರಪಂಚಕ್ಕೆ ಗೊತ್ತಾದದ್ದು ಹೀಗೆ, ಕುಗ್ಗಿದ ನೆಲದ ದೆಸೆಯಿಂದ. ತಿನ್ನುವ ಧಾನ್ಯವನ್ನು ಬಾಲ್ಟಿಕ್ ತೀರದಿಂದ ಹಡಗಿನಲ್ಲಿ ತರಿಸಬೇಕಾಯಿತು, ಅದಕ್ಕೆ ಹಡಗು ಕಟ್ಟುವವರೂ ನಾವಿಕರೂ ವರ್ತಕರೂ ಬೇಕಾದರು, ದನ ಸಾಕಣೆಗೆ ಬಿತ್ತನೆಯಷ್ಟು ಆಳು ಬೇಡವಾದ್ದರಿಂದ ಹಳ್ಳಿಯ ಜನ ಪಟ್ಟಣ ಸೇರಿ ಆ ಕೆಲಸಗಳಿಗೆ ಒದಗಿದರು. ಪಟ್ಟಣದ ಒಲೆಗಳಿಗೆ ಉರುವಲಾಗಿ ಮತ್ತೆ ಅದೇ ಪೀಟನ್ನು ಕಡಿದು ಒಣಗಿಸಿದರು. ಕಡಿದ ಗುಂಡಿಗಳು ಕೆರೆಗಳಾದವು. ಗೌಡಾದ ಪಕ್ಕದ ರೀವೈಕ್ ಕೆರೆಗಳು ಹಾಗೆ ಆದವು, ಇಂದು ಜನ ಅಲ್ಲಿ ಹಾಯಿದೋಣಿ ಓಡಿಸುತ್ತಾರೆ. ನಿಮ್ಮನ್ನು ಹೆದರಿಸಿದ ಜೈಡ್‌ಪ್ಲಾಸ್ ಕೂಡ ಅಂಥ ಕೆರೆಯೇ, 19ನೆಯ ಶತಮಾನದಲ್ಲಿ ಬತ್ತಿಸಿ ಹೊಲ ಮಾಡಿದರು. ನೆಲವೇ ಮನುಷ್ಯನ ಹಣೆಬರಹ ಬರೆಯುತ್ತದೆ ಎಂದು ಸಾಧಿಸುತ್ತಿದ್ದ ಹಳೆಯ ಭೂಗೋಳ ಪಂಡಿತರನ್ನು ಇಲ್ಲಿ ತಂದು ನಿಲ್ಲಿಸಿದರೆ, ಯಾರು ಯಾರ ಹಣೆಬರಹ ಬರೆದರೆಂದು ತೀರ್ಮಾನಿಸಲಾರದೆ ಹಿಂದಿರುಗಬೇಕಾಗುತ್ತದೆ.

ಪ್ರವಾಹದ ಮಾತಿಗೆ ಬರುತ್ತೇನೆ. 1953ರ ಫೆಬ್ರವರಿ 1ರ ಬಿರುಗಾಳಿಯಲ್ಲಿ ಈ ದೇಶದಲ್ಲಿ 1,836 ಜನ ಸತ್ತದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಗೌಡಾವನ್ನು ಹಾದುಹೋಗುವ ಹಾಲೆಂಡ್ಸ ಐಸೆಲ್ ನದಿಯ ಕಟ್ಟೆ ಆ ದಿನ ನ್ಯೂವರ್‌ಕರ್ಕ್ ಬಳಿ ಒಡೆಯಲು ಶುರುವಾದಾಗ ಆರಿ ಎವೆಗ್ರುನ್ ಎಂಬ ನಾವಿಕ ತನ್ನ ದೋಣಿಯನ್ನೇ ಬಿರುಕಿಗೆ ಅಡ್ಡಲಾಗಿ ತಂದು ನುಗ್ಗಿಸಿ ನೀರನ್ನು ತಡೆದ. ಆ ಕಟ್ಟೆ ಹೋಗಿದ್ದರೆ ದಕ್ಷಿಣ ಹಾಲೆಂಡಿನ ದೊಡ್ಡ ಭಾಗವೇ ಹೋಗುತ್ತಿತ್ತು. ಆಮೇಲೆ ಕಡಲ ನೀರನ್ನು ತಡೆಯಲು ಕೈಗೊಂಡ ಡೆಲ್ಟಾ ಕಾಮಗಾರಿಗಳಲ್ಲಿ ಮೊದಲನೆಯ ತೂಬುಬಾಗಿಲು 1958ರಲ್ಲಿ ಎದ್ದದ್ದು ಇದೇ ನದಿಗೆ. ಅದರಾಚೆ, ಸಮುದ್ರದ ಬಾಯಿಯಲ್ಲಿ, ತಲಾ 210 ಮೀಟರ್ ಉದ್ದದ ಎರಡು ಬಾಗಿಲುಗಳ ಮಾಸ್‌ಲಾಂಟ್ ತಡೆ 1997ರಿಂದ ಕಾಯುತ್ತಿದೆ. 2023ರ ಡಿಸೆಂಬರಿನಲ್ಲಿ ನೀರು ಏರಿದಾಗ ಯಾರೂ ಹೇಳದೆ ತಾನಾಗಿಯೇ ಮುಚ್ಚಿಕೊಂಡಿತು. ಪ್ರವಾಹದಿಂದ ಸಾಯುವ ಸಂಭವ ಯಾವ ನಿವಾಸಿಗೂ ವರ್ಷಕ್ಕೆ ಲಕ್ಷದಲ್ಲಿ ಒಂದಕ್ಕಿಂತ ಹೆಚ್ಚಿರಕೂಡದು, 2050ರೊಳಗೆ ಎಲ್ಲ ಮುಖ್ಯ ಕಟ್ಟೆಗಳೂ ಆ ಮಟ್ಟ ಮುಟ್ಟಬೇಕು ಎಂದು ಇಲ್ಲಿ ಕಾನೂನೇ ಇದೆ. ಸಾಮಾನ್ಯ ಗೃಹವಿಮೆ ಮಾತ್ರ ಸಮುದ್ರದ ಅಥವಾ ದೊಡ್ಡ ನದಿಯ ಕಟ್ಟೆ ಒಡೆದ ನಷ್ಟವನ್ನು ತುಂಬಿಕೊಡುವುದಿಲ್ಲ. ಈ ಒಂದು ವಾಕ್ಯವನ್ನು ಅಮ್ಮನಿಗೆ ಓದಿ ಹೇಳಬೇಡಿ.

ಈ ಕಟ್ಟೆ ಕಾಲುವೆಗಳನ್ನೆಲ್ಲ ನೋಡಿಕೊಳ್ಳುವುದು ಜಲಮಂಡಳಿ. ಗೌಡಾದ್ದು ರೈನ್‌ಲಾಂಡ್ ಮಂಡಳಿಗೆ ಸೇರಿದೆ, 1255ರಿಂದಲೂ ದಾಖಲೆಯಿರುವ ಸಂಸ್ಥೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಕಾಲುವೆಯ ನೀರಿನ ಮಟ್ಟ ಎಷ್ಟಿರಬೇಕೆಂಬುದರ ಮೇಲೆ ಪಕ್ಷಗಳು ಮತ ಕೇಳುತ್ತವೆ, ಜನ ಗಂಭೀರವಾಗಿ ಚರ್ಚಿಸುತ್ತಾರೆ. ಮಂಡಳಿ ತನ್ನದೇ ತೆರಿಗೆ ಹಾಕುತ್ತದೆ, ನಾವೂ ಕಟ್ಟುತ್ತೇವೆ, ಇವರು ಪ್ರತಿವರ್ಷ ಗೊಣಗುತ್ತಾರೆ. ಹಿಂದೆ ಕಟ್ಟೆಯ ಒಂದೊಂದು ತುಂಡನ್ನೂ ಒಬ್ಬೊಬ್ಬ ಜಮೀನುದಾರನೇ ಕಾಯಬೇಕಿತ್ತಂತೆ. ಕಾಯಲಾರದವನು ತನ್ನ ಸನಿಕೆಯನ್ನು ಕಟ್ಟೆಯಲ್ಲಿ ನೆಟ್ಟು ಊರು ಬಿಡುತ್ತಿದ್ದ, ಅದನ್ನು ಕಿತ್ತವನಿಗೆ ಜಮೀನೂ ಕಾಯುವ ಹೊಣೆಯೂ ಸೇರುತ್ತಿದ್ದವು. ಪುಟ್ಟಿ ಈಚೆಗೆ ಈಜಿನ ಮೊದಲ ಪ್ರಮಾಣಪತ್ರ ಪಡೆದಳು. ಈಜುಡುಗೆಯಲ್ಲಷ್ಟೇ ಅಲ್ಲ, ಅಂಗಿ, ಪ್ಯಾಂಟು, ಬೂಟು ತೊಟ್ಟೇ ನೀರಿಗಿಳಿದು ಈಜಿ ತೋರಿಸಬೇಕು, ಏಕೆಂದರೆ ಇಲ್ಲಿ ಮಕ್ಕಳು ಕಾಲುವೆಗೆ ಬೀಳುವುದು ಬಟ್ಟೆ ತೊಟ್ಟಿರುವಾಗಲೇ. ನಾನು ನಕ್ಕೆ, ಅಲ್ಲಿದ್ದ ಬೇರೆ ಯಾವ ತಾಯಿಯೂ ನಗಲಿಲ್ಲ.

ಆದುದರಿಂದ ಕಡಲಿನ ಚಿಂತೆ ನನಗಿಲ್ಲ. ಪ್ರಶ್ನೆ ಇರುವುದು ಮನೆಯ ತಳಪಾಯದಲ್ಲಿ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಈ ಮೆತ್ತನೆಯ ನೆಲದಲ್ಲಿ ಕಟ್ಟಡ ಸುಮ್ಮನೆ ನಿಲ್ಲುವುದಿಲ್ಲ; ಗಟ್ಟಿ ಮರಳಿನ ಪದರ ಸಿಗುವವರೆಗೂ ಕಂಬ ಹೊಡೆಯಬೇಕು. ಆಮ್ಸ್ಟರ್‌ಡ್ಯಾಮಿನ ಅರಮನೆ 13,659 ಮರದ ಕಂಬಗಳ ಮೇಲೆ ನಿಂತಿದೆ. ವರ್ಷದ ದಿನಗಳ ಸಂಖ್ಯೆಯ ಎಡಕ್ಕೆ ಒಂದು, ಬಲಕ್ಕೆ ಒಂಬತ್ತು ಹಚ್ಚಿಕೊಳ್ಳಿ ಎಂದು ಮಕ್ಕಳಿಗೆ ಕಲಿಸುತ್ತಾರೆ. ನಾವು ನೋಡಿದ ಮನೆ 1930ರ ದಶಕದ್ದು, ಅದರ ಕಂಬಗಳೂ ಮರದವು. ಅಂತರ್ಜಲದಲ್ಲಿ ಪೂರ್ತಿ ಮುಳುಗಿರುವ ಮರ ಶತಮಾನಗಳ ಕಾಲ ಬಾಳುತ್ತದೆ. ನೀರು ಇಳಿದು ಕಂಬದ ತಲೆಗೆ ಗಾಳಿ ತಾಕಿದರೆ ಶಿಲೀಂಧ್ರ ಹಿಡಿದು ಕೊಳೆಯುತ್ತದೆ. 2018ರಂಥ ಬರಗಾಲದ ಬೇಸಿಗೆ ಈ ಭಯವನ್ನು ಹೆಚ್ಚಿಸಿದೆ. ಮನೆ ಕೆಡುವುದು ನೀರು ಹೆಚ್ಚಿದ್ದರಿಂದಲ್ಲ, ಕಡಿಮೆಯಾದದ್ದರಿಂದ! ಅಮ್ಮನಿಗೆ ಇದನ್ನು ಧೈರ್ಯವಾಗಿ ಓದಿ ಹೇಳಬಹುದು.

ಇಲ್ಲಿಯೇ ಜಗಳವೂ ಇದೆ. ಹಸು ಹೂತುಕೊಳ್ಳದೆ ನಿಲ್ಲಬೇಕು, ಟ್ರ್ಯಾಕ್ಟರು ಓಡಬೇಕು ಎಂದು ರೈತರು ನೀರಿನ ಮಟ್ಟ ಇಳಿಸಲು ಕೇಳುತ್ತಾರೆ. ಕಂಬ ಕೊಳೆಯದಿರಲು ಹಳೆಯ ಮನೆಯವರು ಏರಿಸಲು ಕೇಳುತ್ತಾರೆ. ಏರಿಸಿದರೆ ಕಂಬವೇ ಇಲ್ಲದ ಇನ್ನೂ ಹಳೆಯ ಮನೆಗಳ ನೆಲಕ್ಕೆ ತೇವ ಹತ್ತುತ್ತದೆ. ಒಣಗಿದ ಪೀಟಿನಿಂದ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ಸರ್ಕಾರವೂ ಈಗ ಏರಿಸಲು ಹೇಳುತ್ತಿದೆ. ಎಲ್ಲಿ ಏನು ಕಟ್ಟಬೇಕೆಂಬುದನ್ನು ಇನ್ನು ಮೇಲೆ ನೀರು ಮತ್ತು ಮಣ್ಣೇ ನಿರ್ಧರಿಸಬೇಕೆಂದು 2022ರ ನವೆಂಬರಿನಲ್ಲಿ ಮಂತ್ರಿಗಳು ಸಂಸತ್ತಿಗೆ ಬರೆದರು. ಸಾವಿರ ವರ್ಷ ನೀರಿಗೆ ಆಜ್ಞೆ ಮಾಡಿದವರು ಈ ಮಾತಿಗೆ ಬಂದರಲ್ಲ ಎಂದು ನಿಮಗೆ ಸಂತೋಷವಾಗಬಹುದು. ಮನೆ ಕೊಳ್ಳುವವರಿಗೆ ಸ್ವಲ್ಪ ತಳಮಳವೇ ಆಗುತ್ತದೆ.

ಜಕಾರ್ತದ ಉದಾಹರಣೆ ಕೊಟ್ಟಿದ್ದೀರಿ. ಆ ನಗರ ಮುಳುಗುತ್ತಿರುವುದು ಮುಖ್ಯವಾಗಿ ಕೊಳವೆಬಾವಿಗಳಿಂದ ಅಂತರ್ಜಲ ಎಳೆದು ನೆಲ ಕುಸಿದದ್ದರಿಂದ. ರಾಜಧಾನಿಯನ್ನು ಬೋರ್ನಿಯೋ ದ್ವೀಪದ ನುಸಂತಾರಕ್ಕೆ ಒಯ್ಯುವ ಯೋಜನೆಗೆ ಅದೂ ಒಂದು ಕಾರಣ. ಡಚ್ಚರು 1619ರಲ್ಲಿ ಹಿಡಿದು ತಮ್ಮ ರೀತಿಯಲ್ಲೇ ಕಾಲುವೆ ತೋಡಿ ಬೆಳೆಸಿದ ಊರು ಅದು. ಕಾಲುವೆ ತೋಡಲು ಕಲಿಸಿ, ಎಲ್ಲರೂ ಕೂಡಿ ತೆರಿಗೆ ಕಟ್ಟಿ ಕಾಯುವ ಮಂಡಳಿಯನ್ನು ಮಾತ್ರ ಕೊಟ್ಟು ಬರಲಿಲ್ಲವೆಂದು ನನ್ನ ಅಭಿಪ್ರಾಯ. ಮೆಕ್ಸಿಕೋ ನಗರವೂ ಬತ್ತಿಸಿದ ಕೆರೆಯ ಮೇಲೆ ಕೂತು ಅಂತರ್ಜಲ ಎತ್ತಿ ಕುಸಿಯುತ್ತಿದೆ. ಅಂಥ ಊರುಗಳಲ್ಲಿ ಮನೆ ಕೊಳ್ಳುತ್ತೇನೆಂದರೆ ನೀವು ಖಂಡಿತ ಬೈಯಿರಿ.

ಈಗ ಹಣದ ಮಾತು. ಮನೆಯ ಬೆಲೆಯಷ್ಟೂ ಸಾಲ ಇಲ್ಲಿ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿಗೆ ಸಿಗುವುದಿಲ್ಲ. ತೆರಿಗೆ ಮತ್ತು ನೋಂದಣಿಯ ಖರ್ಚು ಕೈಯಿಂದಲೇ ಹೋಗಬೇಕು, ಅದನ್ನು ಕೂಡಿಟ್ಟಿದ್ದೇವೆ. ಕಂಬ ಕೊಳೆತಿದ್ದರೆ ತಳಪಾಯ ಹೊಸದು ಮಾಡಿಸಲು ಒಂದು ಲಕ್ಷ ಯೂರೋ ತಲುಪುವುದೂ ಉಂಟು, ಗೋಡೆಗೆ ಗೋಡೆ ಅಂಟಿದ ಸಾಲುಮನೆಯಾದ್ದರಿಂದ ನೆರೆಯವರೂ ಒಪ್ಪಿ ಜೊತೆಯಲ್ಲೇ ಮಾಡಿಸಬೇಕು. ಇದಕ್ಕೆಂದೇ ಕರಾರಿನಲ್ಲಿ ಷರತ್ತು ಹಾಕಿಸಿದ್ದೇವೆ: ತಳಪಾಯದ ತಪಾಸಣೆಯಲ್ಲಿ ದೋಷ ಕಂಡರೆ ದಂಡವಿಲ್ಲದೆ ಹಿಂದೆ ಸರಿಯಬಹುದು. ತಪಾಸಣೆಯವರು ಗುಂಡಿ ತೋಡಿ ಕಂಬದ ತಲೆ ಪರೀಕ್ಷಿಸಿ ಹೋಗಿದ್ದಾರೆ. ವರದಿ ಇನ್ನೂ ಬಂದಿಲ್ಲ, ಚೆನ್ನಾಗಿಯೇ ಬರುತ್ತದೆ. ಪಕ್ಕದ ಮನೆಯ ವೃದ್ಧ ದಂಪತಿ ನಲವತ್ತು ವರ್ಷದಿಂದ ಅಲ್ಲೇ ಇದ್ದಾರೆ, ಗೋಡೆಯಲ್ಲಿ ಬಿರುಕಿಲ್ಲ, ಬಾಗಿಲುಗಳು ಸರಿಯಾಗಿ ಮುಚ್ಚುತ್ತವೆ, ನಾನೇ ಒಂದೊಂದನ್ನೂ ಮುಚ್ಚಿ ನೋಡಿದ್ದೇನೆ. ಅಡುಗೆಮನೆಯ ನೆಲ ಒಂದು ಕಡೆ ತುಸು ಇಳಿಜಾರಾಗಿದೆ, ಅದು ಇಲ್ಲಿ ಎಲ್ಲರ ಮನೆಯಲ್ಲೂ ಇರುವುದೇ.

ನಿಮ್ಮ ಠೇವಣಿ ಮುರಿಸಿ ಹಣ ಕಳಿಸುವ ಮಾತನ್ನು ಮತ್ತೆ ಎತ್ತಬೇಡಿ. ಅದು ನಿಮ್ಮ ಮತ್ತು ಅಮ್ಮನ ಔಷಧಿಗೆ ಇರಲಿ. ವರದಿ ಕೆಟ್ಟದಾಗಿ ಬಂದರೆ ಈ ಮನೆ ಬಿಟ್ಟು ಇನ್ನೊಂದು ನೋಡುತ್ತೇವೆ, ಕಾಂಕ್ರೀಟ್ ಕಂಬದ ಹೊಸ ಮನೆಗಳೂ ಇವೆ, ಬೆಲೆ ಹೆಚ್ಚು ಅಷ್ಟೆ. ಒಟ್ಟಿನಲ್ಲಿ ಭಯಪಡುವಂಥದ್ದು ಏನೂ ಇಲ್ಲ, ಖಂಡಿತ ಇಲ್ಲ, ಅಮ್ಮನಿಗೆ ರಾತ್ರಿ ನಿದ್ದೆ ಮಾಡಲು ಹೇಳಿ.

ಇವರು ದಲ್ಲಾಳಿಯಿಂದ ಕರೆ ಬಂದಿದೆಯೆಂದು ಕೆಳಗಿನಿಂದ ಕೂಗುತ್ತಿದ್ದಾರೆ. ವರದಿಯ ವಿಷಯವೇ ಇರಬೇಕು. ಪುಟ್ಟಿಯ ಪತ್ರ ಮುಂದಿನ ಸಲ ಜೊತೆಗಿಡುತ್ತೇನೆ. ಸುಬ್ಬಣ್ಣ ಮಾವನಿಗೂ ಶಾರದತ್ತೆಗೂ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು,
ವಾಸಂತಿ