ಚೀಟಿಯ ಮೇಲಿನ ತಾರೀಖು

ಕಲಬುರಗಿ, ಭಾನುವಾರ

ಮಗಳೇ,

ನೀನು ಕಳಿಸಿದ ಫೋಟೋ ನೋಡಿದೆ. ನೋಟ್‌ಬುಕ್ಕಿನ ಹರಿದ ಹಾಳೆ, ‘ನಾಲ್ಕು ಲಕ್ಷ ಕೈಗಡ ತಗೊಂಡಿದ್ದೇನೆ, ಕೊಡುವುದು ಬಾಕಿ ಇದೆ’ ಅನ್ನೋ ಸಾಲು, ಕೆಳಗೆ ಅಳಿಯಂದಿರ ಸಹಿ. (ಡಿವೋರ್ಸ್ ಆದರೂ ನನ್ನ ಕೈ ಇನ್ನೂ ಅಳಿಯಂದಿರು ಅಂತಲೇ ಬರೆಯುತ್ತದೆ.) ಬಾಂಡ್ ಪೇಪರ್ ಅಲ್ಲವಲ್ಲ, ಇದಕ್ಕೆ ಬೆಲೆ ಇದೆಯಾ ಅಂತ ಕೇಳಿದ್ದೀಯ.

ಇದೆ. ಗಂಜಿನ ಅಡತ್ ಅಂಗಡಿಯಲ್ಲಿ ಮೂವತ್ತು ವರ್ಷ ತೊಗರಿ ಲೆಕ್ಕ ಬರೆದವನು ನಾನು, ಇಂಥ ಚೀಟಿ ಎಷ್ಟೋ ನೋಡಿದ್ದೇನೆ. ಗಂಡ ಹೆಂಡತಿ ನಡುವಿನ ಸಾಲವೂ ಸಾಲವೇ. ಹಣ ಹೋಯಿತು ಅಂತ ನಿನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಹೇಳುತ್ತದೆ. ಅದು ಸಾಲ ಅಂತ ಹೇಳುವುದು ಚೀಟಿ. ಅದಿಲ್ಲದಿದ್ದರೆ ‘ಸಂಸಾರಕ್ಕೆ ಅವಳೇ ಕೊಟ್ಟಳು’ ಅಂದುಬಿಡಬಹುದಿತ್ತು.

ನನಗೆ ಚಿಂತೆ ಆಗಿರುವುದು ತಾರೀಖಿನದು. ಹಣ ಕೊಟ್ಟ ವರ್ಷದೊಳಗೇ ಚೀಟಿ ಬರೆಸಿಕೊಂಡೆ, ಒಳ್ಳೆಯದಾಯಿತು, ಲೆಕ್ಕ ಆ ದಿನದಿಂದ ಹೊಸದಾಗಿ ಶುರು. ಆದರೆ ದಾವೆ ಹಾಕಲು 1963ರ ಲಿಮಿಟೇಶನ್ ಕಾಯ್ದೆ ಕೊಡುವುದು ಮೂರೇ ವರ್ಷ. ಬರುವ ತಿಂಗಳು ಅದು ಮುಗಿಯುತ್ತದೆ! ಅಷ್ಟರೊಳಗೆ ಬಾಕಿ ಇದೆ ಅಂತ ಅವರು ಮತ್ತೆ ಬರೆದು, ತಾರೀಖು ಹಾಕಿ, ಸಹಿ ಮಾಡಿದರೆ ಇನ್ನು ಮೂರು ವರ್ಷ ಸಿಗುತ್ತದೆ. ಪ್ರೋನೋಟ್, ಅಂದರೆ ಇಷ್ಟು ಹಣ ಕೊಡುತ್ತೇನೆ ಅಂತ ಮಾತು ಕೊಡುವ ಪತ್ರ, ಬರೆಸುವುದಾದರೆ ರೆವಿನ್ಯೂ ಸ್ಟ್ಯಾಂಪ್ ಮರೆಯಬೇಡ. ಅದಿಲ್ಲದ ಪ್ರೋನೋಟನ್ನು ಕೋರ್ಟು ಸಾಕ್ಷಿಯಾಗಿ ತಗೊಳ್ಳುವುದಿಲ್ಲ, ಆಮೇಲೆ ದಂಡ ಕಟ್ಟಿದರೂ ಇಲ್ಲ.

ಕೇಳಲು ನಾಚಿಕೆ ಅಂದೆಯಲ್ಲ, ನನಗೂ ಹಾಗೇ ಆಗಿತ್ತು. ಗೆಳೆಯನೊಬ್ಬನಿಗೆ 22 ಸಾವಿರ ಕೊಟ್ಟಿದ್ದೆ. ಮುಖ ನೋಡಿ ಕೇಳಲಾಗದೆ ವಕೀಲರ ಹತ್ತಿರ ಹೋದಾಗ ಮೂರು ವರ್ಷದ ಮೇಲೆ ಹನ್ನೊಂದು ದಿನ ಆಗಿತ್ತು. ಆ ಚೀಟಿ ಇನ್ನೂ ಟ್ರಂಕಿನಲ್ಲಿದೆ. ನಿನ್ನ ಅವ್ವ ಅದನ್ನು ಕಂಡಾಗಲೆಲ್ಲ ನಗುತ್ತಾಳೆ.

ಹೊಸ ಚೀಟಿಯಲ್ಲಿ ‘ಇನ್ನು ಜೀವನಾಂಶ ಕೇಳುವುದಿಲ್ಲ’ ಅಂತ ಸೇರಿಸು ಅಂದರೆ ಒಪ್ಪಬೇಡ. ಮನೆಯಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ, ಆದರೂ ಸುಮ್ನೆ ಯಾಕೆ ತಕರಾರು? ಸಾಲ ಬೇರೆ, ಅದು ಬೇರೆ.

ಅವರು ಬರೆದುಕೊಡದಿದ್ದರೆ ಅವಧಿಯೊಳಗೇ ದಾವೆ ಹಾಕಬೇಕು. ವಕೀಲರ ಫೀಸಿನ ಚಿಂತೆ ಬಿಡು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಶನಿವಾರ ರಾತ್ರಿಯ ರೈಲಿಗೆ ಬಾ, ಸೋಮವಾರ ಕೋರ್ಟಿನ ಹತ್ತಿರ ಹೋಗೋಣ. ಮೂಲ ಚೀಟಿ ತಗೊಂಡು ಬಾ. ಲ್ಯಾಮಿನೇಷನ್ ಮಾಡಿಸಲು ಹೋಗಬೇಡ ಮತ್ತೆ.

ನಿನ್ನ ಅಪ್ಪ